ಯಾವ ಕಾಯಿಲೆಯೂ ಇಲ್ಲದ ಮುರಿಗೆಪ್ಪನವರು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯಲ್ಲಿ ತಪ್ಪು ಮಾಡಿದವನು ನಾನು. ಹೆಸರು ತಿಪ್ಪೇಶಿ. ಮೈಕ್ ತಿಪ್ಪೇಶಿ ಎಂದರೆ ಊರಿನಲ್ಲಿ ಯಾರು ಬೇಕಾದರೂ ಕೈ ತೋರಿಸುತ್ತಾರೆ. ನನ್ನ ಆಟೋದ ತಲೆಯ ಮೇಲೆ ಎರಡು ಲೌಡ್‌ಸ್ಪೀಕರ್, ಹಿಂದಿನ ಸೀಟಿನಲ್ಲಿ ಬ್ಯಾಟರಿ, ಕೈಯಲ್ಲಿ ಮೈಕು. ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂಬುದರಿಂದ ಹಿಡಿದು ಯಾರದೋ ಎಮ್ಮೆ ಕಳೆದಿದೆ, ಯಾರೋ ತೀರಿಕೊಂಡರು ಎಂಬುದರವರೆಗೆ ಈ ಊರಿಗೆ ಏನೇ ತಿಳಿಯಬೇಕಾದರೂ ಅದು ನನ್ನ ಗಂಟಲಿನಿಂದಲೇ ಹೊರಡಬೇಕು. ಮೈಕಿನ ಹಿಡಿಯಲ್ಲಿ ಒಂದು ಸ್ವಿಚ್ಚಿದೆ. ಒತ್ತಿ ಹಿಡಿದರೆ ಸದ್ದು ನಿಲ್ಲುತ್ತದೆ. ಬಿಟ್ಟರೆ ಪುಟ್ಟ ಕೆಂಪು ದೀಪ ಹತ್ತಿಕೊಂಡು ನಾನು ಉಸಿರೆಳೆದದ್ದೂ ಊರಿಗೆಲ್ಲ ಕೇಳುತ್ತದೆ. ಜನ ಆಟೋ ಅಡ್ಡಗಟ್ಟಿ, ಬಗ್ಗಿ, ಕಿವಿಯ ಹತ್ತಿರ ಬಾಯಿ ತಂದು ಗುಟ್ಟು ಹೇಳುತ್ತಾರಲ್ಲ, ಆಗ ನನ್ನ ಹೆಬ್ಬೆರಳು ತಾನಾಗಿಯೇ ಸ್ವಿಚ್ಚಿನ ಮೇಲೆ ಹೋಗುತ್ತದೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸಲವೂ ಆ ಬೆರಳು ಜಾರಿರಲಿಲ್ಲ. ಈ ಊರಿನ ಮಾನ ಮರ್ಯಾದೆಯೆಲ್ಲ ನನ್ನ ಹೆಬ್ಬೆರಳಿನ ಕೆಳಗಿದೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ನಮ್ಮೂರಿಗೆ ವರ್ಷಕ್ಕೊಮ್ಮೆ, ಕಾರ್ತಿಕ ಕಳೆದ ಮೊದಲ ಬುಧವಾರ, ಸಂಜೆ ನಾಲ್ಕೂವರೆ ಬಸ್ಸಿಗೆ ಚಳಿನೆಂಟರು ಬರುತ್ತಾರೆ. ಸಣ್ಣ ಆಳು, ಕಂದು ಕೋಟು, ಕುತ್ತಿಗೆಗೆ ಉಣ್ಣೆಯ ಮಫ್ಲರು, ಕೈಯಲ್ಲೊಂದು ತಗಡಿನ ಟ್ರಂಕು. ಬಹಳ ಮರ್ಯಾದಸ್ಥರು, ಕೆಮ್ಮುವಾಗ ಕರವಸ್ತ್ರ ಅಡ್ಡ ಹಿಡಿಯುವುದನ್ನು ಮರೆಯುವುದಿಲ್ಲ. ಬಸ್‌ಸ್ಟ್ಯಾಂಡಿನಿಂದ ಹೊರಟು ಮನೆಮನೆಗೂ ಹೋಗುತ್ತಾರೆ. ಒಂದೇ ಹೊತ್ತಿಗೆ ಹತ್ತು ಮನೆಗಳಲ್ಲಿ ಇರುತ್ತಾರೆ, ಅದು ಹೇಗೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಬಂದ ನೆಂಟರನ್ನು ಬಾಗಿಲಲ್ಲೇ ಪ್ರಶ್ನೆ ಕೇಳುವ ಊರಲ್ಲ ನಮ್ಮದು. ಬಿಸಿನೀರು ಕೊಡುತ್ತೇವೆ, ಮೆಣಸಿನ ಸಾರು ಮಾಡುತ್ತೇವೆ, ಕಂಬಳಿ ಹಾಸುತ್ತೇವೆ. ಗಟ್ಟಿ ಮೈಯವರ ಮನೆಯಲ್ಲಿ ಮೂರು ದಿನಕ್ಕೆ ಅವರಿಗೆ ಬೇಸರ ಬಂದು ಎದ್ದುಬಿಡುತ್ತಾರೆ. ಆದರೆ ಸಕ್ಕರೆ, ದಮ್ಮು, ಹೃದಯ, ಕಿಡ್ನಿ ಎಂದು ವರ್ಷಗಟ್ಟಲೆ ಏನಾದರೊಂದು ಇಟ್ಟುಕೊಂಡವರ ಮನೆ ಅವರಿಗೆ ತುಂಬಾ ಹಿಡಿಸುತ್ತದೆ. "ನಿಮ್ಮಲ್ಲಿ ಒಳ್ಳೆ ಬೆಚ್ಚಗಿದೆ" ಎನ್ನುತ್ತಾ ಟ್ರಂಕನ್ನು ಮಲಗುವ ಕೋಣೆಗೇ ಒಯ್ಯುತ್ತಾರೆ. ಎಂಟು ದಿನ, ಹತ್ತು ದಿನ. ಹೊರಟಾಗ ಮನೆಯವರಲ್ಲೊಬ್ಬರು ಟ್ರಂಕು ಹಿಡಿದುಕೊಂಡು, "ಬಸ್ಸು ಹತ್ತಿಸಿ ಬರ್ತೀನಿ" ಎಂದು ಜೊತೆಗೆ ಹೋಗುತ್ತಾರೆ. ಹಾಗೆ ಹೋದವರಲ್ಲಿ ಕೆಲವರು ಟ್ರಂಕು ಒಳಗಿಡಲು ಬಸ್ಸು ಹತ್ತುತ್ತಾರೆ, ಇಳಿಯುವುದಿಲ್ಲ. ಮನೆಯ ಹಾಸಿಗೆಯ ಮೇಲೆ ಉಳಿದದ್ದಕ್ಕೆ ಉಳಿದವರು ಮಾಡಬೇಕಾದ್ದನ್ನು ಮಾಡುತ್ತಾರೆ, ನಾನು ಮೈಕಿನಲ್ಲಿ ಹೇಳುತ್ತೇನೆ.

ಇದಕ್ಕೆ ಮದ್ದಿಲ್ಲವೇ ಎಂದರೆ ಇದೆ. ಆಸ್ಪತ್ರೆಯ ಸಿಸ್ಟರ್ ರೆಬೆಕ್ಕ ಪ್ರತಿ ವರ್ಷ ಬಾಯಿ ನೋಯುವಷ್ಟು ಹೇಳುತ್ತಿದ್ದರು. "ಸೂಜಿ ಹಾಕಿಸ್ಕೊಂಡೋರ ಮೈಗೆ ನೆಂಟರ ಪರಿಚಯ ಮೊದಲೇ ಆಗಿರುತ್ತೆ ರೀ. ಗಟ್ಟಿಯಾಗಿರೋರು ಬಾಗಿಲಲ್ಲೇ ಮಾತಾಡ್ಸಿ ಕಳಿಸ್ತಾರೆ. ಕಾಯಿಲೆ ಇರೋರ ಮನೆಗೆ ಒಳಗೆ ಬಂದ್ರೂ ಬರಬಹುದು, ನಾನು ಸುಳ್ಳು ಹೇಳಲ್ಲ. ಆದ್ರೆ ಜಗಲಿ ಮೇಲೆ ಕೂತು ಎದ್ದು ಹೋಗ್ತಾರೆ, ಟ್ರಂಕು ಕೋಣೆಗೆ ತರೋದು ಅಪರೂಪ. ಒಂದು ಜೀವಕ್ಕೆ ಅಷ್ಟು ವ್ಯತ್ಯಾಸ ಸಾಲ್ದಾ? ವರ್ಷವರ್ಷ ಹಾಕಿಸ್ಕೋಬೇಕು, ಹೋದ ವರ್ಷದ ಪರಿಚಯ ಮರೆತುಹೋಗುತ್ತೆ. ಪರಿಚಯ ಕುದುರೋಕೆ ಹದಿನೈದು ದಿನ ಬೇಕು. ಅವರು ಬಸ್ಸಿಳಿದ ಮೇಲೆ ಓಡಿ ಬಂದ್ರೆ ನಾನೇನು ಮಾಡ್ಲಿ?"

ಚುಚ್ಚುಮದ್ದು ಬರುವುದೇ ಸ್ವಲ್ಪ. ಹಾಗಾಗಿ ಬಹುದಿನದ ಕಾಯಿಲೆಯವರಿಗೇ ಮೊದಲು ಎಂದು ಮೇಲಿನಿಂದ ಆದೇಶವಿತ್ತು. ಆದೇಶವೇನೋ ಸರಿ. ಆದರೆ ಹಿಂದೊಂದು ವರ್ಷ ಪುರಸಭೆಯ ಸದಸ್ಯರೊಬ್ಬರ ಭಾಮೈದ ಸರದಿ ಮುರಿದು ಒಳಗೆ ನುಗ್ಗಿ ಎರಡು ತೋಳಿಗೂ ಚುಚ್ಚಿಸಿಕೊಂಡು ಬಂದನಂತೆ. ಗಲಾಟೆಯಾಯಿತು. ಅದಕ್ಕೆ ಪುರಸಭೆ ಒಂದು ನಿರ್ಣಯ ಮಾಡಿತು. ಪ್ರತಿಯೊಬ್ಬರ ಹೆಸರು, ಬೀದಿ, ಇರುವ ಕಾಯಿಲೆ, ಅದು ಎಷ್ಟು ವರ್ಷದ್ದು, ಇಷ್ಟನ್ನೂ ಪುರಭವನದ ಮುಂದೆ ಮೈಕಿನಲ್ಲಿ ಮೂರು ಸಲ ಕೂಗದೆ ಯಾರಿಗೂ ಸೂಜಿ ಇಲ್ಲ! ಮುಖ್ಯಾಧಿಕಾರಿಗಳು ಇದಕ್ಕೆ ಪಾರದರ್ಶಕತೆ ಎಂದು ಹೆಸರಿಟ್ಟರು. ಆ ಪದ ಹೇಳುವಾಗಲೆಲ್ಲ ಅವರ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಕೂಗುವ ಕೆಲಸ ನನಗೆ ಬಂತು.

ಇನ್ನು ಮುರಿಗೆಪ್ಪಣ್ಣನ ವಿಷಯ. ಹಿಟ್ಟಿನ ಗಿರಣಿ ಮುರಿಗೆಪ್ಪ ಎಂದರೆ ನಮ್ಮೂರಿನ ಆರೋಗ್ಯಕ್ಕೇ ಒಂದು ಬೋರ್ಡು ಹಾಕಿದ ಹಾಗೆ. ಐವತ್ತೆಂಟು ವರ್ಷ, ನೆಟ್ಟಗಿನ ಬೆನ್ನು, ಬಿಳಿ ಮೀಸೆ. ಬೆಳಿಗ್ಗೆ ಆರಕ್ಕೆ ನೀರಿನ ಟ್ಯಾಂಕಿನ ಪಕ್ಕದ ಪಾರ್ಕಿನಲ್ಲಿ ನಲವತ್ತು ಜನ ಬಿಳಿ ಶೂ ಹಾಕಿಕೊಂಡು ಸುತ್ತು ಹೊಡೆದು, ಕೊನೆಗೆ ಸಾಲಾಗಿ ನಿಂತು ಕೈ ಮೇಲೆತ್ತಿ ಹಹ್ಹಾ ಎಂದು ನಗುತ್ತಿದ್ದರಲ್ಲ, ಆ ಆರೋಗ್ಯವಂತರ ಸಂಘದ ಅಧ್ಯಕ್ಷರು ಅವರೇ. ಕಾಯಿಲೆಯಿದ್ದವರಿಗೆ ಸದಸ್ಯತ್ವವಿಲ್ಲ ಎಂಬುದು ಸಂಘದ ಮೊದಲ ನಿಯಮ. "ಕಾಯಿಲೆ ಅನ್ನೋದು ಸೋಮಾರಿಗಳಿಗೆ ಬರೋದು ಕಣ್ರಯ್ಯ" ಎಂದು ಅವರು ಭಾಷಣ ಮಾಡಿದರೆ ಕಾರ್ಯದರ್ಶಿ ನಂಜೇಶಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು, ಮೊದಲು ಚಪ್ಪಾಳೆ ತಟ್ಟುತ್ತಿದ್ದರು. ಗಿರಣಿಯ ಗೋಡೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬರೆಸಿತ್ತು: ಸಕ್ಕರೆ ಸಂಹಾರ ಹಿಟ್ಟು ಇಲ್ಲಿ ದೊರೆಯುತ್ತದೆ, ಒಂಬತ್ತು ಧಾನ್ಯ, ಅಧ್ಯಕ್ಷರು ಸ್ವತಃ ಸೇವಿಸುವುದು. ಸುತ್ತಲಿನ ಹಳ್ಳಿಯವರೆಲ್ಲ ಬಂದು ಚೀಲಗಟ್ಟಲೆ ಒಯ್ಯುತ್ತಿದ್ದರು.

ಆ ಅಧ್ಯಕ್ಷರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ.

ನನಗೆ ಗೊತ್ತಿದ್ದದ್ದು ಅವರೇ ಹೇಳಿದ್ದರಿಂದ. ಅದೂ ಗಿರಣಿ ಓಡುತ್ತಿರುವಾಗ. ಮುರಿಗೆಪ್ಪಣ್ಣ ಮುಖ್ಯವಾದ ಮಾತನ್ನೆಲ್ಲ ಗಿರಣಿ ಓಡುವಾಗಲೇ ಆಡುತ್ತಿದ್ದರು, ಪಕ್ಕದಲ್ಲಿ ನಿಂತವನಿಗೂ ಅರ್ಧ ಕೇಳಿದರೆ ಹೆಚ್ಚು. ಮೋಟಾರಿನ ಹಿಂದೆ ಒಂದು ಬಿಸ್ಕತ್ತಿನ ಡಬ್ಬಿ. ಅದರೊಳಗೆ ಮಾತ್ರೆಗಳು. ತಿಂಗಳಿಗೊಮ್ಮೆ "ಗಿರಣಿ ಬೆಲ್ಟು ತರ್ತೀನಿ" ಎಂದು ಪಕ್ಕದ ಊರಿಗೆ ಹೋಗಿ ಡಾಕ್ಟರಿಗೆ ತೋರಿಸಿ, ಮಾತ್ರೆ ತಂದು ತುಂಬಿಸುತ್ತಿದ್ದರು. ಒಂದು ಗಿರಣಿಗೆ ವರ್ಷಕ್ಕೆ ಹನ್ನೆರಡು ಬೆಲ್ಟು ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಈ ಕಥೆ ನಡೆದ ವರ್ಷ ಬೇಸಿಗೆಯಲ್ಲಿ ಡಾಕ್ಟರು ಕಿಡ್ನಿಯೂ ಸ್ವಲ್ಪ ಸೋತಿದೆ ಎಂದಿದ್ದರಂತೆ. "ಈ ಸಲ ಸೂಜಿ ತಪ್ಪಿಸ್ಬೇಡ ಅಂದ್ರು ಕಣೋ" ಎಂದು ಹಿಟ್ಟಿನ ಧೂಳಿನ ನಡುವೆ ಕೂಗಿ ಹೇಳಿದರು. "ತಪ್ಪಿಸ್ಬೇಡಿ ಮತ್ತೆ" ಎಂದು ನಾನೂ ಕೂಗಿದೆ. ಅವರು ಗೋಡೆಯ ಮೇಲಿನ ಅಕ್ಷರಗಳ ಕಡೆ ನೋಡಿದರು.

ಕಾರ್ತಿಕದ ಮೊದಲ ಮೂರು ಸೋಮವಾರ ಶಿಬಿರ. ಮೊದಲನೆಯ ಸೋಮವಾರ ನಾನು ಪಟ್ಟಿ ಹಿಡಿದು ಕೂಗಿದ್ದೇ ಕೂಗಿದ್ದು, ಒಬ್ಬಳ ಹೊರತು ಯಾರೂ ಮುಂದೆ ಬರಲಿಲ್ಲ. ಹೆಸರು ಬಂದವರು ಗುಂಪಿನಲ್ಲಿ ನಿಂತು, ಯಾರಪ್ಪ ಅದು ಎಂಬಂತೆ ತಾವೂ ಸುತ್ತ ನೋಡುತ್ತಿದ್ದರು! ಮಗಳ ಮದುವೆ ಮಾತುಕತೆಯಲ್ಲಿದ್ದವರು ಶಿಬಿರದ ಬೀದಿಯಲ್ಲೇ ಓಡಾಡಲಿಲ್ಲ. ಬಂದವಳು ಹೂವಿನ ಕೆಂಚಮ್ಮ ಒಬ್ಬಳೇ. "ದಮ್ಮಿನ ಕಾಯಿಲೆಯ ಕೆಂಚಮ್ಮ, ಇಪ್ಪತ್ತು ವರ್ಷ" ಎಂದು ನಾನು ಮೂರನೆಯ ಸಲ ಕೂಗುವ ಮೊದಲೇ ಕುಕ್ಕೆ ಸಮೇತ ಬಂದು ಕೂತಳು. "ಸಾಕು ಬಿಡಣ್ಣ, ಎಷ್ಟು ಸಲ ಕೂಗ್ತೀಯ. ಮಲ್ಲಿಗೆ ಅಂತ ನಾನೊಂದು ಸಲ ಕೂಗೋದ್ರಾಗೆ ಎರಡು ಸಲ ಕೆಮ್ತೀನಿ. ಊರಿಗೇ ಗೊತ್ತಿರೋದಕ್ಕೆ ಮೈಕ್ ಬೇರೆ ಕೇಡು" ಎಂದು ತೋಳು ಕೊಟ್ಟು, ಸಿಸ್ಟರಿಗೆ ಒಂದು ಮೊಳ ಹೂವು ಕೊಟ್ಟು ಹೋದಳು. ಸಂಜೆ ಮುಖ್ಯಾಧಿಕಾರಿಗಳು ಮಂಕಾಗಿ ಕೂತರು. ಮದ್ದು ಉಳಿದರೆ ಮೇಲಿನವರಿಗೆ ಉತ್ತರ ಹೇಳಬೇಕಲ್ಲ!

ಎರಡನೆಯ ಸೋಮವಾರ ನೋಡಬೇಕಿತ್ತು ನೀವು. ಉಳಿದ ಮದ್ದಿಗೆ ಊರಿನ ಗಟ್ಟಿಗರೆಲ್ಲ ಬಂದುಬಿಟ್ಟಿದ್ದರು. ಬಹುದಿನದ ಕಾಯಿಲೆ ಇರಲೇಬೇಕೆಂಬ ನಿಯಮ ಇತ್ತಲ್ಲ, ಪಾಪ, ಒಬ್ಬೊಬ್ಬರೂ ಒಂದೊಂದು ಹಚ್ಚಿಕೊಂಡು ಬಂದಿದ್ದರು. ಕುಸ್ತಿ ದುರುಗಪ್ಪ ಹೆಗಲ ಮೇಲೆ ಗದೆ ಹೊತ್ತುಕೊಂಡೇ ಬಂದು ಚೀಟಿ ಕೊಟ್ಟ. ನಾನು ಓದಿದೆ: "ಮೂತ್ರಪಿಂಡ ವೈಫಲ್ಯದ ದುರುಗಪ್ಪ, ಗರಡಿ ಬೀದಿ, ಹದಿನೈದು ವರ್ಷ." ಅವನು ತೊಡೆ ತಟ್ಟಿ ಎದ್ದು ಬಂದ. ರಸ್ತೆ ಕಂಟ್ರಾಕ್ಟರು ಹೃದಯ ಬರೆಸಿಕೊಂಡಿದ್ದರು. ಅಂಥದ್ದು ಅವರಿಗೆ ಇದೆ ಎಂದು ಕೇಳಿ ಜನಕ್ಕೆ ಆಶ್ಚರ್ಯವಾಯಿತು. ಇಪ್ಪತ್ತೆರಡು ವರ್ಷದ ವಾಲಿಬಾಲ್ ಹುಡುಗನಿಗೆ ಮೂವತ್ತು ವರ್ಷದ ಸಂಧಿವಾತ. ಸಿಸ್ಟರ್ ರೆಬೆಕ್ಕ ಸೂಜಿ ಕೆಳಗಿಟ್ಟು, "ಸಾರ್, ಇದೇನ್ ಸಾರ್ ಇದು, ಲೆಕ್ಕನಾದ್ರೂ ಹಾಕಿ" ಎಂದರು. ಮುಖ್ಯಾಧಿಕಾರಿಗಳು, "ಮೈಕಲ್ಲಿ ಬಂತಲ್ಲಮ್ಮ. ಬಹಿರಂಗವಾಗಿ ಬಂದದ್ದು ದಾಖಲೆ, ಮುಂದುವರಿಸಿ" ಎಂದರು. ಹೀಗೆ ನಮ್ಮೂರಿನ ಆರೋಗ್ಯವೆಲ್ಲ ಕಾಯಿಲೆಯಾಗಿ ಸಾಲು ನಿಂತಿತು, ಕಾಯಿಲೆಯೆಲ್ಲ ಬಿಳಿ ಶೂ ಹಾಕಿಕೊಂಡು ಪಾರ್ಕಿನಲ್ಲಿ ನಗುತ್ತಿತ್ತು.

ಮುರಿಗೆಪ್ಪಣ್ಣನ ಹೆಂಡತಿ ಸರ್ವಮಂಗಳ ಅತ್ತಿಗೆಗೆ ಗಂಡನ ಕಾಯಿಲೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆವು ನಾನೂ ಅವರೂ. ಎಂಥ ಪೆದ್ದರು! ಮೂರನೆಯ ಸೋಮವಾರಕ್ಕೆ ನಾಲ್ಕು ದಿನ ಇರುವಾಗ ಅತ್ತಿಗೆ ನಾನಿದ್ದ ಹೊತ್ತಿಗೇ ಗಿರಣಿಗೆ ಬಂದು, ಮೋಟಾರು ನಿಲ್ಲಿಸಿ, ಬಿಸ್ಕತ್ತಿನ ಡಬ್ಬಿಯನ್ನು ಹೊರಗೆ ತೆಗೆದು ಹಿಟ್ಟಿನ ಚೀಲದ ಮೇಲಿಟ್ಟರು. ಗಿರಣಿ ನಿಂತಾಗ ಅಲ್ಲಿ ಅಷ್ಟು ನಿಶ್ಶಬ್ದ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

"ಎಂಟು ವರ್ಷದಿಂದ ನಿಮ್ಮ ಕಾಫಿಗೆ ನಾನು ಸಕ್ಕರೆ ಹಾಕಿಲ್ಲ. ಒಂದು ದಿನ ಆದ್ರೂ ಯಾಕೆ ಅಂತ ಕೇಳಿದ್ರಾ?" ಎಂದರು ಅತ್ತಿಗೆ. "ನೀವೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಹೋಗ್ಲಿ. ಸಿಸ್ಟರ್ ಹತ್ರ ಹೆಸರು ಬರೆಸಿ ಬಂದಿದ್ದೀನಿ. ಸೋಮವಾರ ಹೋಗಿ ಕೂತ್ಕೊಳಿ."

ಮುರಿಗೆಪ್ಪಣ್ಣ ಮೀಸೆ ಮೇಲಿನ ಹಿಟ್ಟು ಒರೆಸಿಕೊಂಡರು. "ಮೈಕಲ್ಲಿ ಕೂಗ್ತಾರೆ ಕಣೇ. ಆ ಗೋಡೆ ನೋಡು. ಊರೋರು ಏನಂತಾರೆ? ಸಂಘದೋರು ಏನಂತಾರೆ?"

"ಏನಾದ್ರೂ ಅನ್ಲಿ. ಅನ್ನೋರ ಮುಂದೆ ನೀವಿರ್ತೀರಲ್ಲ, ಅಷ್ಟು ಸಾಕು ನಂಗೆ." ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವರು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ಮುರಿಗೆಪ್ಪಣ್ಣ ಹೆದರಿದ ಮುಖ ಮಾಡಿಕೊಂಡು ನನ್ನ ಕಡೆ ತಿರುಗಿದರು. "ಬರ್ತೀನಿ ತಿಪ್ಪೇಶಿ. ಆದ್ರೆ ನನ್ನ ಹೆಸರಿನ ಮುಂದೆ ಏನಂತ ಓದ್ತೀಯ ನೀನು?"

"ನೀವು ಬಂದು ಕೂತ್ಕೊಳಿ ಸಾಕು. ಮಿಕ್ಕಿದ್ದು ನಂಗೆ ಬಿಡಿ" ಎಂದೆ. ನೋಡಿ, ನನ್ನ ಅಹಂಕಾರ ಎಂಥದು! ಏನು ಓದುತ್ತೇನೆಂದು ನನಗೇ ಗೊತ್ತಿರಲಿಲ್ಲ. ನನ್ನ ಹೆಬ್ಬೆರಳಿನ ಮೇಲೆ ನನಗೆ ಅಷ್ಟು ನಂಬಿಕೆ.

ಮೂರನೆಯ ಸೋಮವಾರ ಅವರು ಇಸ್ತ್ರಿ ಪಂಚೆ, ಅದರ ಕೆಳಗೆ ಬಿಳಿ ಶೂ ಹಾಕಿಕೊಂಡು ಬಂದು ಮುಂದಿನ ಕುರ್ಚಿಯಲ್ಲೇ ಕೂತರು. ಅಧ್ಯಕ್ಷರು ಬಂದದ್ದು ನೋಡಿ ಸಂಘದ ಅರ್ಧಕ್ಕರ್ಧ ಜನ ಹಿಂದೆ ಬಂದು ನಿಂತರು, ನಂಜೇಶಪ್ಪ ಮೇಷ್ಟ್ರು ಅವರ ಮುಂದೆ. ಉಳಿದಿದ್ದ ಮದ್ದು ಹನ್ನೆರಡೋ ಹದಿಮೂರೋ. ನನ್ನ ಕೈಗೆ ಚೀಟಿ ಬಂತು. ಸಿಸ್ಟರ ಗುಂಡನೆಯ ಅಕ್ಷರ: ಸಕ್ಕರೆ ಕಾಯಿಲೆ ಹನ್ನೊಂದು ವರ್ಷ, ಮೂತ್ರಪಿಂಡ ದುರ್ಬಲ. ನಾನು ಮುರಿಗೆಪ್ಪಣ್ಣನ ಮುಖ ನೋಡಿದೆ. ಶಾಲೆಯಲ್ಲಿ ಫಲಿತಾಂಶ ಓದುವಾಗ ಮಕ್ಕಳು ನೋಡುತ್ತಾರಲ್ಲ, ಹಾಗೆ ನೋಡುತ್ತಿದ್ದರು. ಕೆಂಪು ದೀಪ ಹತ್ತಿಸಿದೆ, ಗಂಟಲು ಸರಿಮಾಡಿಕೊಂಡೆ, ಹೇಳಿಯೇಬಿಟ್ಟೆ: "ಗಿರಣಿ ಬೀದಿ, ಆರೋಗ್ಯವಂತರ ಸಂಘದ ಅಧ್ಯಕ್ಷರು, ಯಾವ ಕಾಯಿಲೆಯೂ ಇಲ್ಲದ ಮುರಿಗೆಪ್ಪನವರು!" ಮೂರು ಸಲ. ಸಂಘದವರು ಚಪ್ಪಾಳೆ ತಟ್ಟಿದರು. ಮುರಿಗೆಪ್ಪಣ್ಣನ ಮುಖ ಅರಳಿತು. ಎಂಥ ಉಪಾಯ ಮಾಡಿದೆಯಪ್ಪ ತಿಪ್ಪೇಶಿ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಅವರು ಎದ್ದು ಅಂಗಿಯ ತೋಳು ಮಡಚಿಕೊಳ್ಳುತ್ತಾ ಸಿಸ್ಟರ ಮೇಜಿಗೆ ಹೋದರು. ಮುಖ್ಯಾಧಿಕಾರಿಗಳು ಎದ್ದು ನಿಂತು ಕೈಮುಗಿದರು. "ಅಧ್ಯಕ್ಷರೇ, ತಾವು ಬಂದದ್ದು ಸಂತೋಷ. ಆದ್ರೆ ಕಾಯಿಲೆ ಇಲ್ದೋರಿಗೆ ಇದು ಇಲ್ಲ. ನಿಯಮ."

"ಸಾರ್, ಚೀಟಿ ನೋಡಿ ಸಾರ್, ಚೀಟಿ" ಎಂದು ಸಿಸ್ಟರ್ ಹಲ್ಲು ಕಚ್ಚಿಕೊಂಡು ಹೇಳಿದರು.

"ಚೀಟಿ ಯಾರು ಬೇಕಾದ್ರೂ ಬರೀಬಹುದಮ್ಮ. ಮೈಕಲ್ಲಿ ಮೂರು ಸಲ ಬಂದಿದೆ, ಇಡೀ ಊರು ಕೇಳಿದೆ. ತಪ್ಪಿದ್ರೆ ಅವರೇ ಮೈಕಲ್ಲಿ ತಿದ್ದಿ ಹೇಳ್ಲಿ, ತಕ್ಷಣ ಹಾಕ್ಸೋಣ. ಪಾರದರ್ಶಕತೆ ಅಂದ್ರೆ ಅದೇ ಅಲ್ವೇ?"

ಸ್ವಿಚ್ಚು ಒತ್ತಿಕೊಂಡೇ ಮೈಕು ಒಯ್ದು ಮುರಿಗೆಪ್ಪಣ್ಣನ ಕೈಗೆ ಕೊಟ್ಟೆ. "ಹೇಳಿಬಿಡಿ ಅಣ್ಣ. ಒಂದೇ ಒಂದು ಮಾತು" ಎಂದು ಪಿಸುಗುಟ್ಟಿದೆ. ಬೆರಳು ತೆಗೆದೆ, ಕೆಂಪು ದೀಪ ಹತ್ತಿಕೊಂಡಿತು. ಅವರು ಉಸಿರೆಳೆದದ್ದು ಎರಡು ಲೌಡ್‌ಸ್ಪೀಕರಿನಿಂದಲೂ ಹೊರಬಿತ್ತು. ಗಿರಣಿಯ ಸದ್ದಿಲ್ಲದ ಜಾಗದಲ್ಲಿ ಆ ಮಾತನ್ನು ಅವರು ಯಾವತ್ತೂ ಆಡಿದವರಲ್ಲ. ಹಿಂದೆ ತಿರುಗಿ ನೋಡಿದರು. ಇಪ್ಪತ್ತು ಜೊತೆ ಬಿಳಿ ಶೂ, ಎಲ್ಲರ ಬಾಯಲ್ಲೂ ನಗು. ಕೊನೆಗೆ ಅವರೂ ನಕ್ಕರು. "ನಂಗೇನಾಗಿದೆ? ಸುಮ್ನೆ ವ್ಯವಸ್ಥೆ ಹೆಂಗಿದೆ ನೋಡೋಣ ಅಂತ ಬಂದಿದ್ದೆ. ವ್ಯವಸ್ಥೆ ಚೆನ್ನಾಗಿದೆ" ಎಂದರು. ಮತ್ತೆ ಚಪ್ಪಾಳೆ. ಮೈಕನ್ನು ನನ್ನ ಕೈಗೆ ಕೊಟ್ಟು, ಮಡಚಿದ ತೋಳನ್ನು ಬಿಡಿಸಿಕೊಳ್ಳುತ್ತಾ ಹೋದರು. ಅವರದಾಗಬೇಕಿದ್ದ ಸೂಜಿ ಕಂಟ್ರಾಕ್ಟರ ತಮ್ಮನಿಗೆ ಹೋಯಿತು. ಅವನಿಗೂ ಹೃದಯವೇ.

ಹೇಳಿದ ಬುಧವಾರ, ಹೇಳಿದ ಬಸ್ಸಿಗೆ ಚಳಿನೆಂಟರು ಬಂದರು. ದುರುಗಪ್ಪನ ಮನೆ ಬಾಗಿಲಲ್ಲಿ ನಿಂತು, "ಓ, ನಮಗೆ ಪರಿಚಯ ಆಗಿದೆ ಅಲ್ವೇ" ಎಂದು ಒಂದು ಲೋಟ ನೀರು ಕುಡಿದು ಹೊರಟರು. ಕೆಂಚಮ್ಮನ ಜಗಲಿಯ ಮೇಲೆ ಎರಡು ದಿನ ಕೂತರು. ಅವಳೂ ಕೆಮ್ಮಿದಳು, ಅವರೂ ಕೆಮ್ಮಿದರು. ಮೂರನೆಯ ದಿನ "ಯಾಪಾರಕ್ಕೆ ಹೋಗ್ಬೇಕು, ಏಳಿ" ಎಂದಳಂತೆ, ಅವರು ಎದ್ದರಂತೆ. ನನ್ನ ಮನೆಯಲ್ಲಿ ಆರು ದಿನ ಇದ್ದರು. ಹತ್ತು ವರ್ಷದಿಂದ ನನಗೂ ಬಿಪಿ ಇದೆ, ನಾನೂ ಚುಚ್ಚಿಸಿಕೊಂಡಿರಲಿಲ್ಲ. ಊರಿನವರ ಹೆಸರನ್ನೆಲ್ಲ ಓದಿದವನು ನನ್ನದೊಂದನ್ನು ಪಟ್ಟಿಗೇ ಹಾಕಿರಲಿಲ್ಲ. ಆರನೆಯ ದಿನ ಅವರು ಹೊರಟಾಗ ಟ್ರಂಕು ಎತ್ತಿಕೊಡಲೂ ನನ್ನಲ್ಲಿ ಶಕ್ತಿ ಇರಲಿಲ್ಲ. ಅದರಿಂದಲೇ ಬದುಕಿದೆನೋ ಏನೋ.

ಮುರಿಗೆಪ್ಪಣ್ಣನ ಮನೆಯಲ್ಲಿ ಟ್ರಂಕು ನೇರವಾಗಿ ಮಲಗುವ ಕೋಣೆಗೆ ಹೋಯಿತು. ಸರ್ವಮಂಗಳ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, "ಇಲ್ಲೇ ಜಗಲಿ ಮೇಲೆ ಹಾಸ್ತೀನಿ, ಇಲ್ಲೇ ಕೂತ್ಕೊಳಿ" ಎಂದರಂತೆ. "ಅಮ್ಮ, ನಮಗೆ ಯಜಮಾನರ ಪರಿಚಯ ಇಲ್ಲ. ಒಳಗೆ ಹೋಗಿ ಮಾಡ್ಕೋಬೇಕು" ಎಂದರಂತೆ ನೆಂಟರು, ಬಹಳ ವಿನಯದಿಂದ. ಒಂಬತ್ತು ದಿನ. ಗಿರಣಿ ನಿಂತಿತ್ತು. ಸಂಘದವರು ದಿನಾ ಪಾರ್ಕಿನಿಂದ ನೇರವಾಗಿ ಬಂದು ಕಿಟಕಿಯ ಹೊರಗೆ ಸಾಲಾಗಿ ನಿಂತು, ಅಧ್ಯಕ್ಷರಿಗೆ ಧೈರ್ಯ ಬರಲಿ ಎಂದು ಹಹ್ಹಾ ಎಂದು ನಕ್ಕು ಹೋಗುತ್ತಿದ್ದರು. ನಾಲ್ಕನೆಯ ದಿನ ಅತ್ತಿಗೆ ಒಂದು ಬಿಂದಿಗೆ ನೀರು ತಂದು ಕಿಟಕಿಯಿಂದಲೇ ಸುರಿದರು. ಆಮೇಲೆ ಬರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ನಾನು ಬಸ್‌ಸ್ಟ್ಯಾಂಡಿನಲ್ಲಿ ಆಟೋ ನಿಲ್ಲಿಸಿಕೊಂಡಿದ್ದೆ. ಮುಂದೆ ಚಳಿನೆಂಟರು, ಹಿಂದೆ ಟ್ರಂಕು ಹಿಡಿದುಕೊಂಡು ಮುರಿಗೆಪ್ಪಣ್ಣ ಬರುತ್ತಿದ್ದರು. ಕಾಲಲ್ಲಿ ಬಿಳಿ ಶೂ, ಲಾಡಿ ಕಟ್ಟಿರಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು.

"ಅಣ್ಣ, ಟ್ರಂಕು ಇಲ್ಲಿ ಕೊಡಿ, ನಾನು ಹತ್ತಿಸ್ತೀನಿ" ಎಂದು ಓಡಿದೆ.

"ಬೇಡ ಕಣೋ. ನಮ್ಮನೆ ನೆಂಟರು. ನಾನೇ ಬಸ್ಸು ಹತ್ತಿಸಿ ಬರ್ತೀನಿ."

"ನಾನೂ ಬೇಡ ಅಂದೆ" ಎಂದರು ಚಳಿನೆಂಟರು. "ಇವರು ಕೇಳ್ತಾ ಇಲ್ಲ." ಅವರ ಮುಖದಲ್ಲಿ ನಿಜವಾಗಿಯೂ ಸಂಕೋಚ ಇತ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ.

ನಾನು ಮುರಿಗೆಪ್ಪಣ್ಣನ ಕೈ ಹಿಡಿದುಕೊಂಡೆ. ಕಾದ ಹೆಂಚಿನ ಹಾಗಿತ್ತು. "ನಾನು ಓದಿದ್ದು ತಪ್ಪಾಯ್ತು ಅಣ್ಣ" ಎಂದೆ. ಬೇರೇನೂ ಬಾಯಿಗೆ ಬರಲಿಲ್ಲ.

"ನೀನು ನನ್ನ ಮೇಲಿನ ಪ್ರೀತಿಗೆ ಓದಿದೆ. ಮೈಕ್ ಕೈಗೆ ಕೊಟ್ಟಿದ್ದೆಯಲ್ಲ, ತಿದ್ದಬೇಕಾದೋನು ನಾನು" ಎಂದರು. "ಒಂದು ಮಾತು ಕಣೋ. ಎಷ್ಟು ಸಣ್ಣ ಮಾತು ಅದು, ಈಗ ನೋಡಿದ್ರೆ." ಕೈ ಬಿಡಿಸಿಕೊಂಡು, ಟ್ರಂಕು ಒಳಗಿಡಲು ಬಸ್ಸಿನ ಮೆಟ್ಟಿಲು ಹತ್ತಿದರು. ಕಂಡಕ್ಟರು ಸೀಟಿ ಊದಿದ. ನಾನು ಅಲ್ಲೇ ನಿಂತು ಗಟ್ಟಿಯಾಗಿ ಅತ್ತೆ. ಬಸ್‌ಸ್ಟ್ಯಾಂಡಿನಲ್ಲಿ ಜನ ನೋಡುತ್ತಾರೆಂಬ ನಾಚಿಕೆಯೂ ಆಗಲಿಲ್ಲ.

ಮುರಿಗೆಪ್ಪಣ್ಣನ ಮನೆಗೆ ಹೋಗುವಷ್ಟರಲ್ಲಿ ನಂಜೇಶಪ್ಪ ಮೇಷ್ಟ್ರು ಸಂಘದ ಮೊಹರು ಹಾಕಿದ ಕಾಗದ ಹಿಡಿದು ಕಾಯುತ್ತಿದ್ದರು. ನಾನು ಮೈಕಿನಲ್ಲಿ ಓದಬೇಕಾದದ್ದು. "ಕೊನೆಯುಸಿರಿನವರೆಗೂ ಸಂಪೂರ್ಣ ಆರೋಗ್ಯದಿಂದಿದ್ದ ನಮ್ಮ ಅಧ್ಯಕ್ಷರಾದ ಮುರಿಗೆಪ್ಪನವರು ಇಂದು ಬೆಳಿಗ್ಗೆ ಲಿಂಗೈಕ್ಯರಾದರು" ಎಂದಿತ್ತು. ಸಂಪೂರ್ಣ ಆರೋಗ್ಯದಿಂದ ಸತ್ತವರನ್ನು ಈ ಊರು ಇನ್ನೂ ಎಷ್ಟು ಜನರನ್ನು ನೋಡಬೇಕೋ! ನಾನು ಆ ಕಾಗದ ಹಿಡಿದುಕೊಂಡು ನಿಂತಿರುವಾಗ ಸರ್ವಮಂಗಳ ಅತ್ತಿಗೆ ಒಳಗಿನಿಂದ ಬಂದರು. ಕಣ್ಣು ಕೆಂಪಾಗಿತ್ತು, ಅಳುತ್ತಿರಲಿಲ್ಲ. ಕಾಗದ ತೆಗೆದುಕೊಂಡು ಓದಿದರು. ನಾಲ್ಕಾಗಿ ಮಡಚಿ ಮೇಷ್ಟ್ರ ಜೇಬಿನಲ್ಲಿಟ್ಟರು. ಬಿಸ್ಕತ್ತಿನ ಡಬ್ಬಿ ತಂದು ನನ್ನ ಆಟೋದ ಸೀಟಿನ ಮೇಲಿಟ್ಟರು.

"ತಿಪ್ಪೇಶಿ, ಆವತ್ತು ಚೀಟೀಲಿ ಬರೆದಿತ್ತಲ್ಲ, ಅದನ್ನ ಓದು ಇವತ್ತು" ಎಂದರು.

"ಅತ್ತಿಗೆ, ಊರಿಗೆಲ್ಲ ಕೇಳುತ್ತೆ."

"ಕೇಳ್ಲಿ ಅಂತಾನೇ."

ಆಟೋ ಹೊರಟಿತು. ಗಿರಣಿ ಬೀದಿಯಿಂದ ಶುರು ಮಾಡಿದೆ. "ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದ, ಕಿಡ್ನಿ ಸೋತಿದ್ದ, ಚುಚ್ಚುಮದ್ದು ಸಿಗದ ನಮ್ಮ ಮುರಿಗೆಪ್ಪನವರು ಚಳಿನೆಂಟರನ್ನು ಕಳಿಸಲು ಹೋಗಿ ಇಂದು ಬೆಳಿಗ್ಗೆ ಲಿಂಗೈಕ್ಯರಾದರು. ಹೇಳುತ್ತಿರುವವನು ಹತ್ತು ವರ್ಷದಿಂದ ಬಿಪಿ ಇರುವ ತಿಪ್ಪೇಶಿ." ಮೊದಲ ಸಲ ನಾಲಿಗೆ ತೊದಲಿತು. ಗರಡಿ ಬೀದಿಗೆ ಬರುವ ಹೊತ್ತಿಗೆ ಸರಿಯಾಯಿತು. ಬಾಗಿಲುಗಳಲ್ಲಿ ಜನ ಬಂದು ನಿಂತರು. ದುರುಗಪ್ಪ ಗರಡಿಯ ಹೊಸಿಲಲ್ಲಿ ಗದೆ ಕೆಳಗಿಟ್ಟು ತಲೆ ತಗ್ಗಿಸಿಕೊಂಡಿದ್ದ. ಪುರಸಭೆಯ ಮುಂದೆ ಮುಖ್ಯಾಧಿಕಾರಿಗಳು ಓಡಿಬಂದು, "ಏನಯ್ಯ ಇದು, ಸಾವಿನ ಪ್ರಕಟಣೆಗೆ ಕಾಯಿಲೆ ಹ್ಯಾಗೆ ಸೇರಿಸ್ತೀಯ, ನಿಯಮ ಎಲ್ಲಿದೆ?" ಎಂದರು. "ಪಾರದರ್ಶಕತೆ ಸಾರ್" ಎಂದೆ. ಆಟೋ ಮುಂದೆ ಬಿಟ್ಟೆ.

ಕೊನೆಗೆ ಪಾರ್ಕಿನ ಗೇಟಿಗೆ ಬಂದೆ. ಸಂತಾಪ ಸಭೆಗೆಂದು ಸಂಘದವರೆಲ್ಲ ಅಲ್ಲಿ ಸೇರಿದ್ದರು. ಓದಿ ಮುಗಿಸಿದೆ. ನಂಜೇಶಪ್ಪ ಮೇಷ್ಟ್ರು ಗುಂಪಿನಿಂದ ಹೊರಗೆ ಬಂದು, ಗೇಟು ದಾಟಿ, ಆಟೋದ ಹತ್ತಿರ ನಿಂತರು. ಬೈಯುತ್ತಾರೆಂದುಕೊಂಡೆ. ಅವರು ಬಗ್ಗಿ ನನ್ನ ಕಿವಿಯ ಹತ್ತಿರ ಬಾಯಿ ತಂದರು. ಇಪ್ಪತ್ತಾರು ವರ್ಷದ ಅಭ್ಯಾಸ, ಹೆಬ್ಬೆರಳು ತಾನಾಗಿಯೇ ಸ್ವಿಚ್ಚಿನ ಮೇಲೆ ಹೋಯಿತು. ನಾನು ಒತ್ತುವ ಮೊದಲೇ ಮೇಷ್ಟ್ರು ನನ್ನ ಬೆರಳನ್ನು ನೋಡಿದರು. ಇನ್ನೂ ಉರಿಯುತ್ತಿದ್ದ ಕೆಂಪು ದೀಪವನ್ನು ನೋಡಿದರು. ಆಮೇಲೆ ನನ್ನ ಕೈಯನ್ನು ಮೆಲ್ಲಗೆ ಸರಿಸಿ, ಮೈಕನ್ನು ತಮ್ಮ ಬಾಯಿಯ ಹತ್ತಿರ ಎಳೆದುಕೊಂಡರು.

"ನಂಗೂ ಇದೆ" ಎಂದರು. ಡ್ರಿಲ್ ಮಾಡಿಸುವ ಗಂಟಲು ಅದು, ಆದರೆ ನಡುಗುತ್ತಿತ್ತು. "ಹದಿನಾಲ್ಕು ವರ್ಷದಿಂದ."

ಇಷ್ಟು ವರ್ಷ ನಲವತ್ತು ಜನ ನಗುತ್ತಿದ್ದ ಜಾಗ ಅದು. ಮೇಷ್ಟ್ರು ಮೈಕು ಹಿಡಿದುಕೊಂಡೇ ನಿಂತಿದ್ದರು, ಅವರ ಉಸಿರು ಊರಿಗೆಲ್ಲ ಕೇಳುತ್ತಿತ್ತು. ಆಗ ಹಿಂದಿನ ಸಾಲಿನಿಂದ, ಸಿಮೆಂಟ್ ಬೆಂಚಿನ ಕಡೆಯಿಂದ ಯಾರೋ ಕೂಗಿ ಕೇಳಿದರು:

"ಖಾಲಿ ಹೊಟ್ಟೇಲಿ ಎಷ್ಟಿದೆ ಮೇಷ್ಟ್ರೇ? ನಂಗೆ ನೂರ ತೊಂಬತ್ತು."